ಹುಳು ಮನೆಯ ಪೆಟ್ಟಿಗೆಗೆ ಪೂಜೆ

ಪ್ರಿನ್ಸಿಪಾಲರ ಕಚೇರಿಯಿಂದ ಬಂದ ಸುತ್ತೋಲೆಯನ್ನು ನಾನು ಎರಡನೇ ಸಲ ಓದಲಿಲ್ಲ. ನಾಲ್ವರು ವಿದ್ಯಾರ್ಥಿ ನಾಯಕರನ್ನು ಆರಿಸಬೇಕು, ಕಾಲೇಜಿನಲ್ಲಿ ಹೊಸ ಆಲೋಚನೆಗಳನ್ನು ಬೆಳೆಸುವಂತೆ ಅವರನ್ನು ತಯಾರು ಮಾಡಬೇಕು, ಫೋಟೊ ಸಮೇತ ವರದಿ ಕೊಡಬೇಕು. ದೊಡ್ಡಬಳ್ಳಾಪುರದ ಈ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಲೇ ನನ್ನ ತಲೆ ನರೆತಿದೆ. ಇಂಥ ಕೆಲಸಗಳೆಲ್ಲ ಬಂದು ಬೀಳುವುದು ಆ ತಲೆಯ ಮೇಲೆಯೇ. ಮೊದಲಾಗಿದ್ದರೆ ರೇಗುತ್ತಿದ್ದೆ. ಈಗ ರೇಗುವಷ್ಟು ಕಸುವೂ ಉಳಿದಿಲ್ಲ, ಸಹಿ ಹಾಕಿ ಕಳಿಸಿದೆ.

ನಾಲ್ವರಲ್ಲಿ ಒಬ್ಬಳು ತೂಬಗೆರೆ ಕಡೆಯ ಹುಡುಗಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿ ತಂಪು ಕಾಯುವುದು ಅವಳ ಅಮ್ಮನ ಪಾಡು. ಚೀಲ ಒಣಗಿ ಒಳಗೆ ಕಾವು ಏರಿದರೆ ಕೂಗಿ ಹೇಳುವ ಪೆಟ್ಟಿಗೆಯೊಂದನ್ನು ಈಕೆ ಮಾಡಿದ್ದಳು. ಒಂದು ಟಿಫನ್ ಡಬ್ಬಿ, ಅದರೊಳಗೆ ಬ್ಯಾಟರಿ, ನಾಲ್ಕು ವೈರು, ಬೆರಳಿನ ಉಗುರಿನಷ್ಟು ಚಿಕ್ಕ ಸೆನ್ಸರ್. ತೋರಿಸಿದ ದಿನ ನಾನು "ಚೆನ್ನಾಗಿದೆ" ಎಂದೆ. ನಿಜಕ್ಕೂ ಚೆನ್ನಾಗಿತ್ತು.

ಅವಳಿಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ, ಒಂದು ಕೋಣೆ. ಗ್ರಂಥಾಲಯದ ಹಿಂದೆ ಹಳೇ ಉತ್ತರ ಪತ್ರಿಕೆಗಳ ಮೂಟೆ ತುಂಬಿಟ್ಟಿದ್ದ ಕೋಣೆ.

"ಸಾರ್, ಆ ರೂಮ್ ಕೊಡ್ಸಿ ಸಾರ್. ಮನೇಲಿ ಬೆಸುಗೆ ಹಾಕಕ್ಕಾಗಲ್ಲ, ಹೊಗೆ ವಾಸ್ನೆ ಹುಳಕ್ಕಾಗಲ್ಲ. ನನ್ ಥರ ಇನ್ನೂ ಎಂಟತ್ತು ಜನ ಅವ್ರೆ."

ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಒಂದು ದಿನ ಬಂದು ನೋಡುವುದೆಂದಾಯಿತು. ಅವರಿಗೆ ಮೆಚ್ಚಿಗೆಯಾದರೆ ಕೋಣೆ ವಿದ್ಯಾರ್ಥಿಗಳದ್ದು, ಇಲ್ಲವಾದರೆ ಮೂಟೆಗಳದ್ದು. ನಾಲ್ವರೂ ಸೇರಿ ಮೂಟೆಗಳನ್ನು ಹೊರಗಿಟ್ಟು, ತಾವೇ ಸುಣ್ಣ ಹೊಡೆದರು.

ನಾಲ್ಕು ಶನಿವಾರ ತರಬೇತಿ ಕೊಟ್ಟೆ. ಹೊಸ ಆಲೋಚನೆ ಎಂದರೇನು ಎಂಬ ಸ್ಲೈಡು ಮೇಲಿನಿಂದ ಬಂದಿತ್ತು, ಓದಿ ಮುಗಿಸಿದೆ. ಉಳಿದ ಹೊತ್ತೆಲ್ಲ ನನ್ನದೇ ಪಾಠ: ಅತಿಥಿಗಳ ಮುಂದೆ ಹೇಗೆ ನಿಲ್ಲಬೇಕು, ಹಿರಿಯರು ಏನಾದರೂ ಮಾಡುತ್ತಿರುವಾಗ ಬಾಯಿ ಹಾಕಬಾರದು, ಕೇಳಿದ ಮೇಲೆ ಮಾತಾಡಬೇಕು, ಏನೇ ಎಡವಟ್ಟಾದರೂ ನಗುಮುಖ ಬಿಡಬಾರದು. ಅವರು ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಡಬ್ಬಿಯ ಮುಚ್ಚಳ ತೆಗೆದೇ ಇಡಿ, ಬಂದವರಿಗೆ ವೈರುಗಳು ಕಾಣಲಿ ಎಂದವನೂ ನಾನೇ.

ನಮ್ಮ ಕಾಲೇಜಿಗೆ ಏನೇ ಹೊಸದು ಬರಲಿ, ಮೊದಲು ಪೂಜೆ. ಜೆರಾಕ್ಸ್ ಯಂತ್ರಕ್ಕೆ ಆಗಿದೆ, ನೀರಿನ ಫಿಲ್ಟರಿಗೆ ಆಗಿದೆ. ಕಚೇರಿ ಸೂಪರಿಂಟೆಂಡೆಂಟರು ಈ ವಿಷಯದಲ್ಲಿ ಯಾರ ಮಾತಿಗೂ ಕಾಯುವವರಲ್ಲ, ಭಕ್ತಿಯಿಂದಲೇ ಮಾಡುತ್ತಾರೆ. ಆವತ್ತು ಕಾರ್ಯದರ್ಶಿಗಳು ರಿಬ್ಬನ್ ಕತ್ತರಿಸಿ ಒಳಗೆ ಬಂದಾಗ ತಟ್ಟೆ ಸಿದ್ಧವಾಗಿತ್ತು. ಸೂಪರಿಂಟೆಂಡೆಂಟರು ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ತೆಂಗಿನಕಾಯಿ ಒಡೆದರು. ಹೊಸ ಗಾಡಿಗೆ ಎರೆಯುವ ಹಾಗೆ ನೀರಿದ್ದ ಕಾಯಿ ಹೋಳನ್ನು ತೆರೆದ ಡಬ್ಬಿಯ ಕಡೆ ಬಾಗಿಸತೊಡಗಿದರು.

ಹುಡುಗಿ ನನ್ನ ಕಡೆ ನೋಡಿದಳು. ನೀರು ಇನ್ನೂ ಬಿದ್ದಿರಲಿಲ್ಲ. ಒಂದು ಮಾತು ಸಾಕಾಗಿತ್ತು, "ಸ್ವಲ್ಪ ತಡೀರಿ ಸಾರ್" ಎಂದಿದ್ದರೆ ಯಾರೂ ನನ್ನನ್ನು ನುಂಗುತ್ತಿರಲಿಲ್ಲ. ನಾನು ಕೈಕಟ್ಟಿ ನಿಂತೇ ಇದ್ದೆ. ಹೆದರಿಕೆಯೂ ಅಲ್ಲ, ಭಕ್ತಿಯೂ ಅಲ್ಲ. ಸುಮ್ಮನಿದ್ದು ಸುಮ್ಮನಿದ್ದು ಅದೇ ಮೈಗೂಡಿತ್ತು.

ನೀರು ವೈರುಗಳ ಮೇಲೆ ಬಿತ್ತು. ಪೆಟ್ಟಿಗೆ ಒಮ್ಮೆ ಉದ್ದಕ್ಕೆ ಕೂಗಿ ನಿಂತಿತು. ಅದೇ ಉದ್ಘಾಟನೆಯ ಸದ್ದು ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಲ್ಲಿ, ಈಗ ತೋರ್ಸಮ್ಮ," ಎಂದರು ಕಾರ್ಯದರ್ಶಿಗಳು. ಅವಳು ಸ್ವಿಚ್ಚು ಒತ್ತಿದಳು, ಮತ್ತೆ ಒತ್ತಿದಳು. ಮುಖದಲ್ಲಿ ನಗು ಹಾಗೇ ಇತ್ತು, ನಾನು ಹೇಳಿಕೊಟ್ಟ ಅಳತೆಯಲ್ಲೇ ಇತ್ತು. ಕಾರಣ ಏನೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. "ಪರ್ವಾಗಿಲ್ಲ ಬಿಡಿ, ಮುಂದೆ ನೋಡಣ," ಎಂದು ಅವರು ಕಾಫಿಗೆ ಹೊರಟರು. ಸೋಮವಾರ ಮೂಟೆಗಳು ಒಳಗೆ ಹೋದವು.

ನನಗೆ ನಾಚಿಕೆಯಾಗಬೇಕಿತ್ತು. ಆಗುತ್ತದೆಂದು ಎರಡು ದಿನ ಕಾದೆ, ಆಗಲಿಲ್ಲ. ಊಟ ಸೇರಿತು, ನಿದ್ದೆ ಬಂತು. ವರದಿಯಲ್ಲಿ 'ತರಬೇತಿ ಯಶಸ್ವಿ' ಎಂದು ಬರೆದು, ಅವಳು ನಗುತ್ತಿರುವ ಫೋಟೊ ಅಂಟಿಸಿದೆ.

ಮುಂದಿನ ವರ್ಷದ ಪಟ್ಟಿಗೆ ಅವಳ ಹೆಸರು ಬರೆಯಲು ಹೊರಟಾಗ ಸ್ಟಾಫ್ ರೂಮಿಗೆ ಕರೆಸಿದೆ.

"ಬ್ಯಾಡ ಸಾರ್. ಬೇರೆಯವರನ್ನ ಹಾಕ್ಕೊಳ್ಳಿ," ಎಂದಳು. ಕೋಪವೇನೂ ಇರಲಿಲ್ಲ.

"ಹೋಗ್ಲಿ, ಆ ಪೆಟ್ಟಿಗೆನಾದ್ರೂ ರಿಪೇರಿ ಆಯ್ತೇನಮ್ಮ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. "ಹೊಸದು ಮಾಡ್ದೆ ಸಾರ್, ತೋಟದ ಪಂಪ್‌ಸೆಟ್ ಮನೇಲಿ ಕೂತ್ಕೊಂಡು. ಈಗ ನಮ್ ಬೀದೀಲಿ ಐದು ಜನರ ಹುಳು ಮನೇಲಿ ಐತೆ." ಆಮೇಲೆ ದನಿ ತಗ್ಗಿಸಿದಳು. "ಕಾಲೇಜಲ್ಲಿ ಯಾರಿಗೂ ಹೇಳ್ಬೇಡಿ ಸಾರ್."

ಹೇಳುವುದಿಲ್ಲ ಎಂದೆ. ಅವಳು ಕದಲಲಿಲ್ಲ. ನನ್ನ ಬಾಯಿಂದ ಇನ್ನೊಂದು ಸಲ ಆ ಮಾತು ಹೇಳಿಸಿದ ಮೇಲೆಯೇ ಹೋದಳು.