ಟವರಿನ ಕಿವಿ ಮುಚ್ಚಿದವನು

ಆ ಡಬ್ಬಿ ಕೂಗಿತ್ತು, ಶಾಂತವ್ವ. ಅದರ ಕೂಗು ಯಾರಿಗೂ ಮುಟ್ಟದಂತೆ ಮಾಡಿದವ ನಾನು — ಆಮೇಲೆ ನಿಮ್ಮೆದುರು ಕೂತು ಸುಳ್ಳು ಹೇಳಿದವನೂ ನಾನೇ.

ಇಂದಾಪುರದ ಆಚೆ ನಿಮ್ಮ ಗಂಡ ಮಲ್ಲಪ್ಪ ದುಡಿಯುತ್ತಿದ್ದ ಐಸ್ ಫ್ಯಾಕ್ಟರಿಯ ಗೋಡೆಗೆ ಒಂದು ಡಬ್ಬಿ ಇತ್ತಲ್ಲ? ಗ್ಯಾಸು ಸೋರಿದರೆ ಅದು ನಮ್ಮ ಮೊಬೈಲ್ ಟವರಿನ ಮೂಲಕ ಗೇಟಿನ ಸೈರನ್ನಿಗೆ ಸುದ್ದಿ ಮುಟ್ಟಿಸಬೇಕು. ಯಂತ್ರಕ್ಕೆ ಯಂತ್ರವೇ ಹೇಳುವುದು, ನಡುವೆ ಮನುಷ್ಯ ಬೇಡ. ಹೊಸ ಟವರ್ ಎಲ್ಲ ಕಡೆಗೂ ಒಂದೇ ಸಮ ಕಿವಿಗೊಡುವುದಿಲ್ಲ; ಕರೆ ಬಂದ ದಿಕ್ಕಿಗೆ ತನ್ನ ಅಲೆಯನ್ನು ಬಾಗಿಸುತ್ತದೆ. ಅದಕ್ಕೆ ಹಾಗೆ ಬಾಗುವುದನ್ನು ಕಲಿಸುವುದೇ ಪುಣೆಯಲ್ಲಿ ನನ್ನ ನೌಕರಿ.

ಅವತ್ತು ಮಧ್ಯಾಹ್ನ ದೊಡ್ಡ ಸಾಹೇಬರು ನಮ್ಮ ಕೆಲಸ ನೋಡಲು ಬಂದಿದ್ದರು. ಪರದೆಯ ಮೇಲೆ ಒಂದು ಡಬ್ಬಿ ಬಿಟ್ಟೂ ಬಿಡದೆ ಕರೆಯತೊಡಗಿತು. ದನಿ ಸಣ್ಣದು — ಮಾತು ಪೂರ್ತಿ ಮುಟ್ಟದೆ ಟವರ್ ಮತ್ತೆ ಮತ್ತೆ ಅತ್ತಲೇ ವಾಲಿತು, ಉಳಿದ ಯಂತ್ರಗಳೆಲ್ಲ ಕಾದು ನಿಂತವು. ನಮ್ಮ ಕಸುಬಿನಲ್ಲಿ ನೆಟ್ಟಗಿರುವ ಯಂತ್ರ ಎರಡು ಮಾತಾಡಿ ಸುಮ್ಮನಾಗುತ್ತದೆ. ಅರಚುವುದೆಲ್ಲ ಕೆಟ್ಟಿದೆ ಅಂತಲೇ ತಿಳಿಯುತ್ತೇವೆ. ಯಾವ ಡಬ್ಬಿ, ಎಲ್ಲಿಯದು — ನೋಡಬಹುದಿತ್ತು. ನೋಡಲಿಲ್ಲ. ಸಾಹೇಬರೆದುರು ಮರ್ಯಾದೆ ಹೋಯಿತೆಂಬ ಸಿಟ್ಟು. "ಹುಚ್ಚ ಹಿಡದದ ಇದಕ್ಕ," ಅಂದು ಆ ದಿಕ್ಕನ್ನೇ ಮುಚ್ಚಿಬಿಟ್ಟೆ. ಸಾಹೇಬರು ಬೆನ್ನು ತಟ್ಟಿದರು. ಥೂ, ನನ್ನ ಜನ್ಮಕ್ಕಿಷ್ಟು!

ಅರಚಿದ್ದು ಆ ಐಸ್ ಫ್ಯಾಕ್ಟರಿಯ ಡಬ್ಬಿ; ಗ್ಯಾಸು ನಿಜಕ್ಕೂ ಸೋರಿತ್ತು, ಸೈರನ್ ಕೂಗಲಿಲ್ಲ. ಒಳಗೆ ಮಲ್ಲಪ್ಪನ ಜೊತೆ ಅವನ ತಮ್ಮನೂ ಇದ್ದ. ಇಬ್ಬರೂ ಹೊರಬರಲಿಲ್ಲ.

ಮಲ್ಲಪ್ಪನೇ ಡಬ್ಬಿಯ ತಂತಿ ಕಿತ್ತಿದ್ದನೆಂದು ಮಾಲೀಕ ಸಾರಿದ. ನಿಮ್ಮ ಅತ್ತೆ ಅದನ್ನೇ ನಂಬಿ, "ಹಿರೇಮಗ ಸಣ್ಣಾಂವನ್ನ ನುಂಗಿದ" ಎಂದು ನಿಮ್ಮ ಮುಖ ನೋಡುವುದನ್ನೇ ಬಿಟ್ಟರು. ಕಂಪನಿಯ ಕಡೆಯಿಂದ ತನಿಖೆಗೆಂದು ನಾನು ಬಂದಾಗ ನೀವು ಚಹಾ ಕೊಟ್ಟು ಕೇಳಿದಿರಿ, "ನೀವು ನಮ್ಮ ಕಡಿಯವ್ರು, ಸುಳ್ಳ ಹೇಳಂಗಿಲ್ಲ. ಡಬ್ಬಿ ಕೂಗಿತ್ತೇನ್ರಿ?"

"ಇಲ್ಲಬೇ ಯವ್ವಾ. ಕೂಗಿಲ್ಲ."

ನೀವು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಿರಿ. ನಾನು ಚಹಾ ಮುಗಿಸಿದೆ — ಹೌದು, ಕುಡಿದೇ ಎದ್ದೆ.

ಫ್ಯಾಕ್ಟರಿ ಈಗ ನೆಲಸಮ. ಡಬ್ಬಿಯನ್ನು ನಾನೇ ಬಿಚ್ಚಿ ತಂದು, ಬ್ಯಾಟರಿ ತೆಗೆದು ಒಡೆಸಿದ್ದೇನೆ. ಆದರೂ ಕೆಲವು ಮಧ್ಯಾಹ್ನ ಟವರ್ ತಾನೇ ಅತ್ತ ವಾಲುತ್ತದೆ. ಕರೆದವರ ಗುರುತು ಇರುವುದಿಲ್ಲ. ತಗಡಿಗೆ ಬಡಿದು ಮರಳಿದ ಅಲೆ ಇರಬೇಕು ಎನ್ನುತ್ತಾರೆ ಜೊತೆಯವರು. ಹೋಗಿ ನೋಡಿದೆ — ತಗಡೂ ಇಲ್ಲ, ಗೋಡೆಯೂ ಇಲ್ಲ, ಬರೀ ಬಿಸಿಲು. ಆ ಬಿಸಿಲಲ್ಲಿ ನಿಂತಾಗ ಜೊತೆಯವನೊಬ್ಬ ಫೋನು ಮಾಡಿದ: "ಸರ್, ಟವರ್ ಈಗ ನಿಮ್ಮ ಕಡೆಗೇ ಬಾಗಿದೆ. ನಿಮ್ಮ ಫೋನಿಗಲ್ಲ, ಅದೇ ಗುರುತಿಲ್ಲದ ಕರೆಗೆ." ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರು ಕರೆದರೋ, ಯಾರನ್ನೋ —

ಹೆದರಿ ಬರೆಯುತ್ತಿದ್ದೇನೆ ಅಂದುಕೊಳ್ಳಿ, ಹೌದು. ಹೆದರದಿದ್ದರೆ ಇವತ್ತಿಗೂ ಬಾಯಿ ಬಿಡುತ್ತಿರಲಿಲ್ಲವೇನೋ. ಕ್ಷಮೆ ಕೇಳುವ ಮುಖ ನನಗಿಲ್ಲ. ನಾಳೆ ಬರುತ್ತೇನೆ. ಮೊದಲು ನಿಮ್ಮ ಅತ್ತೆಯ ಮನೆಗೆ ಹೋಗಿ, ಓಣಿಯವರೆಲ್ಲ ಕೇಳುವಂತೆ ಹೇಳುತ್ತೇನೆ: ಯವ್ವಾ, ನಿನ್ನ ಹಿರೇಮಗ ತಮ್ಮನ್ನ ಕೊಂದಿಲ್ಲ. ಇಬ್ಬರನ್ನೂ ಕೊಂದಾಂವ ನಾನು.