ಯಂತ್ರಗಳು ಮಲಗಿದ ದಿನ ಪೀಣ್ಯದಲ್ಲಿ ಓಡಿದ್ದು

ಆಯುಧಪೂಜೆಯ ಬೆಳಿಗ್ಗೆ ಬ್ರೂಕ್‌ಫೀಲ್ಡಿನ ಮನೆಯಿಂದ ನಾವು ಹೊರಟಾಗ ಆಕಾಶ ಕವಿದಿತ್ತು. ಮಳೆಯೆನ್ನಲು ಸಾಲದ, ಮಂಜೆನ್ನಲು ಹೆಚ್ಚಾದ ಒಂದು ತೇವ ಗಾಳಿಯಲ್ಲಿ ನಿಂತಿತ್ತು. ಹೊರಟವರು ನಾನು, ಹದಿಮೂರರ ಮಗಳು ಸೃಷ್ಟಿ, ಒಂಬತ್ತರ ಮಗ ಶರಣ. ಕಾರು ತೊಳೆದು ಪೂಜೆಗೆ ಅಣಿಮಾಡುವ ಹೊಣೆಯನ್ನು ಪತಿ ವಹಿಸಿಕೊಂಡಿದ್ದರು. ಓಡುವವರ ಆಯುಧ ಬೂಟೇ ತಾನೆ ಎಂದು ಶರಣ ವಾದ ಹೂಡಿದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹಲವರನ್ನು ಮಣಿಸಿದ್ದ ನಾನು ಈ ವಾದಕ್ಕೆ ಮಣಿದೆ. ಮೂರು ಜೊತೆ ಬೂಟುಗಳ ಮೂತಿಗೂ ವಿಭೂತಿ, ಕುಂಕುಮ ಇಟ್ಟು ಮೆಟ್ಟಿಲಿಳಿದೆವು.

ಓಡುವುದಕ್ಕಾಗಿ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೇಕೆಂದು ಓದುಗರು ಕೇಳಬಹುದು. ನಮ್ಮ ಕಡೆ ಓಡಲು ರಸ್ತೆಯೇ ಇಲ್ಲ ಎಂಬುದೇ ಉತ್ತರ. ಕಾಲುದಾರಿಯ ಮೇಲೆ ಸ್ಕೂಟರುಗಳು ಹರಿಯುತ್ತವೆ, ಆಟದ ಬಯಲಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡಬೇಕು. ರಸ್ತೆಯು ಮೊದಲು ಪಾದಗಳದ್ದು, ಆಮೇಲೆ ಚಕ್ರಗಳದ್ದು ಎಂಬುದು ನನ್ನ ದೃಢವಾದ ನಂಬಿಕೆ. ಅದನ್ನು ಮಕ್ಕಳಿಗೆ ಮಾತಿನಲ್ಲಿ ಕಲಿಸುವುದಕ್ಕಿಂತ ಕಾಲಿನಲ್ಲಿ ಕಲಿಸುವುದು ಲೇಸು. ಲಾರಿಗಳಿಲ್ಲದ, ಸೈರನ್ನುಗಳಿಲ್ಲದ ಪೀಣ್ಯ ವರ್ಷಕ್ಕೆ ಒಮ್ಮೆ ಸಿಗುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಕುಟುಂಬ ರಿಲೇ ಓಟಕ್ಕೆ ಅಭ್ಯಾಸವೂ ಆಗಬೇಕಿತ್ತು. ಬ್ಯಾಟನ್ ಬದಲು ಒಂದು ಪಿ.ವಿ.ಸಿ. ಪೈಪಿನ ತುಂಡನ್ನು ಕೊಯ್ದು ಇಟ್ಟುಕೊಂಡಿದ್ದೆವು.

ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿದೆವು. ಟಿಕೆಟ್ ತಲಾ ನೂರು ರೂಪಾಯಿಯೊಳಗೇ ಆಯಿತು. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸುವಾಗ ಸೇವಂತಿಗೆ ಹಾರದ ಚೀಲಗಳನ್ನು ಹಿಡಿದ ಜನರ ನಡುವೆ ಜಾಗ ಮಾಡಿಕೊಳ್ಳಬೇಕಾಯಿತು. ಯಶವಂತಪುರ ದಾಟಿದ ಮೇಲೆ ಡಬ್ಬಿ ಬರಿದಾಗುತ್ತ ಬಂತು. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದವರು ನಾವು ಮೂವರೇ. ತಂದಿದ್ದ ಮಂಡಕ್ಕಿ ಒಗ್ಗರಣೆಯನ್ನು ಅಲ್ಲಿಯೇ ಬೆಂಚಿನ ಮೇಲೆ ತಿಂದು ಕೆಳಗಿಳಿದೆವು.

ಒಳರಸ್ತೆಗೆ ತಿರುಗಿದೆವು. ಹಿಂದಿನ ದಿನವೇ ಕಾರ್ಖಾನೆಗಳು ಪೂಜೆ ಮುಗಿಸಿ ಬಾಗಿಲು ಹಾಕಿದ್ದವು. ಪ್ರತಿ ಗೇಟಿಗೂ ಬಾಳೆಕಂದು ಕಟ್ಟಿತ್ತು. ಪ್ರತಿ ಗೇಟಿನ ಮುಂದೆಯೂ ಒಡೆದ ಬೂದುಗುಂಬಳ, ಅದರ ತಿರುಳಿಗೆ ಸುರಿದ ಕುಂಕುಮ. ತೇವಕ್ಕೆ ಕುಂಕುಮ ಕರಗಿ ಕೆಂಪು ನೀರು ಡಾಂಬರಿನ ಮೇಲೆ ಬೆರಳುಗಳಂತೆ ಹರಡಿಕೊಂಡಿತ್ತು. ನಾಯಿಯೂ ಕಾಣಲಿಲ್ಲ. ಸದಾ ಗುಡುಗುವ ಸ್ಥಳ ಸುಮ್ಮನಾದಾಗ ಆ ಮೌನಕ್ಕೆ ಒಂದು ತೂಕ ಇರುತ್ತದೆ. ಅದು ಕಿವಿಯ ಮೇಲೆ ಕೈಯಿಟ್ಟಂತೆ ಒತ್ತುತ್ತಿತ್ತು. ನಮ್ಮ ಬೂಟಿನ ಸದ್ದು ಗೋಡೆಗಳಿಗೆ ಬಡಿದು, ತುಸು ತಡವಾಗಿ, ಹಿಂದಿನಿಂದ ಯಾರೋ ಓಡಿಬಂದಂತೆ ಕೇಳುತ್ತಿತ್ತು. ಶರಣ ಎರಡು ಸಲ ಹಿಂತಿರುಗಿ ನೋಡಿದ. ಅಣಕಿಸಲು ಹೊರಟ ಸೃಷ್ಟಿ ತಾನೂ ಒಮ್ಮೆ ನೋಡಿದಳು.

ಆದರೂ ಓಟ ಚೆನ್ನಾಗಿಯೇ ಸಾಗಿತು. ನೇರವಾದ ಆ ರಸ್ತೆಯಲ್ಲಿ ದೂರ ದೂರ ನಿಂತು, ಒಬ್ಬರು ಓಡಿಬಂದು ಇನ್ನೊಬ್ಬರ ಅಂಗೈಗೆ ಪೈಪು ಇಡುವುದನ್ನು ಮತ್ತೆ ಮತ್ತೆ ಮಾಡಿದೆವು. ಒಮ್ಮೆ ಶರಣನ ಬೆವೆತ ಕೈಯಿಂದ ಪೈಪು ಜಾರಿ, ಇಳಿಜಾರಿನಲ್ಲಿ ಉರುಳಿ, ಒಂದು ಸಣ್ಣ ಶೆಡ್ಡಿನ ಮುಚ್ಚಿದ ಶಟರಿಗೆ ಬಡಿಯಿತು.

ಒಳಗಿನಿಂದ ಯಾರೋ ತಿರುಗಿ ಬಡಿದರು.

ಪ್ರತಿಧ್ವನಿಯಿರಬೇಕೆಂದು ಶರಣ ಬೆರಳ ಗೆಣ್ಣಿನಿಂದ ಶಟರನ್ನು ತಟ್ಟಿದ. ತಟ್ಟಿದಷ್ಟೇ ಸಲ ಒಳಗಿನಿಂದ ತಟ್ಟಿದ ಸದ್ದು ಬಂತು. ಅವನು ಬಂದು ನನ್ನ ಬೆನ್ನಿಗೆ ಅಂಟಿಕೊಂಡ. ಶಟರಿನ ಕೊಂಡಿಯಲ್ಲಿ ದೊಡ್ಡ ಬೀಗ ತೂಗುತ್ತಿತ್ತು. ಅದಕ್ಕೂ ಅರಿಶಿನ, ಕುಂಕುಮ. ಸಿಮೆಂಟು ಕಿತ್ತುಹೋದ ಒಂದು ಮೂಲೆಯ ಸಂದಿಗೆ ಒಳಗಿನಿಂದ ಗೋಣಿಚೀಲ ತುರುಕಿದ್ದರು. ನಾನು ಬಾಗಿ, ಒಳಗೆ ಯಾರಿದ್ದೀರಿ ಎಂದು ಕೇಳಿದೆ.

“ವಾಚ್‌ಮ್ಯಾನ್ ಅಲ್ವಾ?” ಎಂದಿತು ತಗ್ಗಿದ ಗಂಡುದನಿ. “ಯಾರಾದ್ರೂ ಆಗ್ಲಿ ತಾಯಿ. ಎಣ್ಣೆ ಆಗೋಗೈತೆ. ಒಸಿ ದೀಪದೆಣ್ಣೆ ತಂದ್ಕೊಡ್ತೀರಾ?”

ಬೀಗ ಹಾಕಿದ ಬಾಗಿಲ ಹಿಂದೆ ಒಬ್ಬ ಮನುಷ್ಯ. ನನಗೆ ಅಷ್ಟೇ ಕಾಣಿಸಿತು. ಯಾರು ಕೂಡಿಹಾಕಿದರು, ಎಷ್ಟು ಹೊತ್ತಾಯಿತು, ನೀರಿದೆಯೇ ಎಂದು ಒಂದೇ ಉಸಿರಿಗೆ ಕೇಳಿ, ಪೊಲೀಸರಿಗೆ ಕರೆ ಮಾಡುತ್ತೇನೆಂದು ಫೋನು ತೆಗೆದೆ. ಬೇಡವೆಂದು ಆತ ಕೇಳಿಕೊಂಡ. ತುಂಡು ತುಂಡಾಗಿ ಅವನು ಹೇಳಿದ್ದನ್ನು ಇಲ್ಲಿ ಜೋಡಿಸಿ ಹೇಳುತ್ತೇನೆ. ಅವನ ಹೆಸರು ನಂಜಪ್ಪ, ಕುಣಿಗಲ್ ಕಡೆಯವನು. ಒಳಗಿರುವುದು ತಗಡು ಕತ್ತರಿಸುವ ಒಂದು ಪವರ್ ಪ್ರೆಸ್ಸು. ಪೂಜೆಯಲ್ಲಿ ಅದರ ಮುಂದೆ ಹಚ್ಚಿದ ದೀಪ, ವಿಜಯದಶಮಿಯ ದಿನ ಯಜಮಾನರು ಬಂದು ಯಂತ್ರವನ್ನು ಮತ್ತೆ ಚಾಲೂ ಮಾಡುವವರೆಗೆ ಆರಬಾರದು. ಇದು ಆ ಶೆಡ್ಡಿನ ಪದ್ಧತಿ, ಈ ಸಲ ದೀಪ ಕಾಯುವ ಸರದಿ ಇವನದು. ಮೇನ್ ಸ್ವಿಚ್ಚು ತೆಗೆದಿದ್ದರಿಂದ ದೀಪ ಬಿಟ್ಟರೆ ಬೇರೆ ಬೆಳಕಿರಲಿಲ್ಲ, ಫೋನೂ ಸತ್ತಿತ್ತು. ಬೆಳಿಗ್ಗೆ ಎಣ್ಣೆ ತರುತ್ತೇನೆಂದ ವಾಚ್‌ಮ್ಯಾನ್ ಬಂದಿರಲಿಲ್ಲ.

ದೀಪವೊಂದು ಆರಿದರೆ ಏನಾಗಿಬಿಡುತ್ತದೆ ಎಂದು ಕೇಳಿದೆ. ನನ್ನ ದನಿಯಲ್ಲಿ ವೇದಿಕೆಯ ದನಿ ಸೇರಿಕೊಂಡಿದ್ದು ನನಗೇ ಕೇಳಿಸಿತು.

“ಓದ್ ವರ್ಸ ಮಂಜ ಕೂತಿದ್ದ ಇಲ್ಲಿ. ನಿದ್ದೆ ಅತ್ತಿ ದೀಪ ಆರೋಯ್ತು. ಅಬ್ಬ ಕಳೆದು ವಾರ ಆಗಿಲ್ಲ, ಪ್ರೆಸ್ಸು ಅವ್ನ ಕೈ ತಗೊಂತು.”

ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಆ ಯಂತ್ರಕ್ಕೆ ಇಲ್ಲವೇ ಎಂದೆ. ಇತ್ತು, ಮುರಿದಿದೆ ಎಂದ. ಹಾಗಾದರೆ ಕೈ ತೆಗೆದುಕೊಂಡದ್ದು ಆರಿದ ದೀಪವಲ್ಲ, ಇಲ್ಲದ ಗಾರ್ಡ್ ಎಂದೆ. ತರ್ಕದಲ್ಲಿ ಲೋಪವಿರಲಿಲ್ಲ. ಈ ಹೊತ್ತಿಗೂ ಇಲ್ಲವೆಂದೇ ಹೇಳುತ್ತೇನೆ.

“ಅದೂ ಕೇಳಿದ್ದೀವಿ ತಾಯಿ. ಎಲ್ಡು ಸಲ ಕೇಳಿದ್ದೀವಿ. ನಾಳೆಯಿಂದ ಆ ಪ್ರೆಸ್ಸಿಗೆ ನನ್ನ ಆಕವ್ರೆ. ಗಾರ್ಡು ನನ್ ಕೈಲಿಲ್ಲ. ದೀಪ ಐತಲ್ಲ, ಅದು ನನ್ ಕೈಲೈತೆ.”

ಸೃಷ್ಟಿ ನನ್ನ ತೋಳು ಜಗ್ಗಿದಳು. “ಅಮ್ಮ, ವಾದ ಆಮೇಲೆ ಮಾಡು. ಎಣ್ಣೆ ಎಲ್ಲಿ ಸಿಗುತ್ತೆ ಹೇಳು.”

ಹತ್ತಿರದ ಅಂಗಡಿಗಳೆಲ್ಲ ಮುಚ್ಚಿದ್ದವು. ದಾಸರಹಳ್ಳಿಯ ಕಡೆ ಓಡಿದೆವು, ಹೋಗುವ ದಾರಿಯೇ ಎರಡು ಕಿಲೋಮೀಟರಿಗೆ ಕಡಿಮೆಯಿರಲಿಲ್ಲ. ಅಷ್ಟು ಹೊತ್ತೂ ಆಟವಾಗಿದ್ದ ಓಟ ಈಗ ಬೇರೆಯೇ ಆಗಿತ್ತು. ಸೃಷ್ಟಿ ಮುಂದೆ, ನಡುವೆ ನಾನು, ನನ್ನ ಕೈ ಹಿಡಿದ ಶರಣ. ತುಮಕೂರು ರಸ್ತೆಯ ಮೇಲುಸೇತುವೆಯ ಕೆಳಗೆ ಬಂದಾಗ ತಮಟೆ, ವಾಹನ, ಜನ ಎಲ್ಲ ಒಮ್ಮೆಲೇ ಮೈಮೇಲೆ ಬಿದ್ದಂತಾಯಿತು. ಒಂದು ಪುಟ್ಟ ಅಂಗಡಿಯ ಹೆಂಗಸು ಎಣ್ಣೆಯ ಪೊಟ್ಟಣ ಕೊಡುತ್ತ, ನಮ್ಮ ಕೆಂಪು ಕಲೆಯ ಬೂಟುಗಳನ್ನು ನೋಡಿ, “ಕುಂಬಳಕಾಯಿ ತುಳ್ಕೊಂಡು ಬಂದ್ರಾ ಅಕ್ಕಾ? ದೃಷ್ಟಿ ತೆಗೆದಿದ್ದನ್ನ ದಾಟಬಾರ್ದು ಕಣ್ರೀ,” ಎಂದಳು. ಇಂಥ ಮಾತಿಗೆ ನಾನು ನಗುವವಳು. ಅವತ್ತು ನಗು ಬರಲಿಲ್ಲ.

ಹಿಂತಿರುಗಿದಾಗ ತುಂತುರು ಹಿಡಿದಿತ್ತು. ಶಟರು ತಟ್ಟಿದೆವು. ಒಳಗಿನಿಂದ ಉತ್ತರವಿಲ್ಲ. ಹೆಸರು ಹಿಡಿದು ಕೂಗಿದೆ, ಇಲ್ಲ. ಸೃಷ್ಟಿ ನೆಲಕ್ಕೆ ಕೆನ್ನೆಯಿಟ್ಟು ಶಟರಿನ ಕೆಳಗೆ ಇಣುಕಿ, ಒಳಗೆ ಬೆಳಕೇ ಕಾಣುತ್ತಿಲ್ಲ ಎಂದಳು. ಗಾಬರಿಯಿಂದ ಎದ್ದು ಬೀಗವನ್ನು ಹಿಡಿದು ಜಗ್ಗಿದಳು. ಅದು ತೆರೆದು ಅವಳ ಕೈಗೇ ಬಂತು.

“ಅಮ್ಮ, ಬೀಗ ಒತ್ತೇ ಇಲ್ಲ. ಶಟರಿನ ಕೊಂಡಿಗೆ ಸುಮ್ನೆ ನೇತುಹಾಕಿದ್ದಾರೆ, ನೆಲದ ಕೊಂಡಿಗೆ ಸೇರಿಸೇ ಇಲ್ಲ.”

ಅವನನ್ನು ಯಾರೂ ಕೂಡಿಹಾಕಿರಲಿಲ್ಲ, ದೀಪ ಬಿಟ್ಟು ಅವನೇ ಹೊರಬಂದಿರಲಿಲ್ಲ. ನಾನು ಕಟ್ಟಿದ್ದ ವಾದದ ಅಡಿಗಲ್ಲೇ ಜಾರಿತು. ಆದರೂ ಒಳಗೆ ಕತ್ತಲಿತ್ತು, ಮನುಷ್ಯ ಮಾತಾಡುತ್ತಿರಲಿಲ್ಲ. ಎರಡೂ ಕೈಯಿಂದ ಶಟರಿನ ಹಿಡಿಯನ್ನು ಹಿಡಿದು ಎತ್ತಲು ಬಗ್ಗಿದೆ.

“ಎತ್ತಬ್ಯಾಡಿ.” ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು. “ಗಾಳಿ ಬತ್ತದೆ. ಬತ್ತಿ ತುದೀಲಿ ಐತೆ. ಕೈ ಅಡ್ಡ ಇಟ್ಟಿದ್ದೀನಿ. ಮಾತಾಡುದ್ರೂ ಆರ್ತದೆ.”

ಹಿಡಿ ನನ್ನ ಕೈಯಲ್ಲೇ ಇತ್ತು. ಎತ್ತಿದ್ದರೆ ಅವನು ಹೊರಗಿನ ಬೆಳಕಿಗೆ ಬರುತ್ತಿದ್ದ. ನಾಳೆ ಅದೇ ಪ್ರೆಸ್ಸಿನ ಮುಂದೆ, ದೀಪ ಆರಿಹೋಯಿತೆಂಬ ನಡುಕವನ್ನು ಬೆರಳುಗಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದ. ಹಿಡಿಯನ್ನು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಮೂಲೆಯ ಗೋಣಿಚೀಲ ಒಳಕ್ಕೆ ಸರಿಯಿತು. ಆ ಸಂದಿನಿಂದ ಒಂದು ಕೈ ಹೊರಗೆ ಬಂತು. ಅಂಗೈ ಮೇಲಾಗಿ, ಮಸಿಯಿಂದ ಕಪ್ಪಾದ ಐದು ಬೆರಳುಗಳು ಒದ್ದೆ ಸಿಮೆಂಟಿನ ಮೇಲೆ ತೆರೆದುಕೊಂಡವು. ಇನ್ನೊಂದು ಕೈ ಒಳಗೆ ದೀಪಕ್ಕೆ ಅಡ್ಡವಾಗಿರಬೇಕು. ಹಾಗೆ ಎರಡು ಕಡೆಗೂ ಚಾಚಿಕೊಂಡು ಅವನು ನೆಲದ ಮೇಲೆ ಮಲಗಿದ್ದಿರಬೇಕು. ಹೆದರಿಕೊಂಡಿದ್ದ ಶರಣನೇ ಮುಂದೆ ಹೋಗಿ ಕೂತು, ರಿಲೇಯಲ್ಲಿ ನಾನು ಕಲಿಸಿದ ಹಾಗೆ, ಅಂಗೈಗೆ ತಾಗುವಂತೆ ಪೊಟ್ಟಣವನ್ನು ಇಟ್ಟ. ಬೆರಳುಗಳು ಮಡಚಿಕೊಂಡವು. ಕೈ ಒಳಗೆ ಹೋಯಿತು. ಚೀಲ ಮತ್ತೆ ಸಂದು ಮುಚ್ಚಿತು.

ಕಾದೆವು. ಬಹಳ ಹೊತ್ತಿನ ಮೇಲೆ ಶಟರಿನ ಕೆಳ ಅಂಚಿನಲ್ಲಿ ನೂಲಿನಷ್ಟು ತೆಳ್ಳಗೆ ಒಂದು ಹಳದಿ ಗೆರೆ ಮೂಡಿತು. ಒಳಗಿನಿಂದ ಒಂದೇ ಒಂದು ಸಲ ತಟ್ಟಿದ ಸದ್ದಾಯಿತು.

ಸೃಷ್ಟಿ ಬೀಗವನ್ನು ಇದ್ದಂತೆಯೇ ಕೊಂಡಿಗೆ ಸಿಕ್ಕಿಸಿದಳು.

ಶೆಡ್ಡಿನ ಗೋಡೆಯ ಮೇಲೆ ಬರೆದಿದ್ದ ಯಜಮಾನರ ನಂಬರಿಗೆ ನಿಲ್ದಾಣದ ಪ್ಲಾಟ್‌ಫಾರಂನಿಂದ ಕರೆ ಮಾಡಿದೆ. ಸಜ್ಜನಿಕೆಯ ದನಿ, ಹಿನ್ನೆಲೆಯಲ್ಲಿ ಮನೆಯವರ ನಗು. ಎಣ್ಣೆಯ ವಿಷಯ ಕೇಳಿ ನೊಂದುಕೊಂಡರು, ವಾಚ್‌ಮ್ಯಾನನ್ನು ಕೂಡಲೇ ಕಳಿಸುವುದಾಗಿ ಹೇಳಿದರು. ಗಾರ್ಡಿನ ವಿಷಯ ಎತ್ತಿದೆ. ಆರ್ಡರ್ ಕೊಟ್ಟಿದ್ದೇವೆ, ಹಬ್ಬ ಕಳೆಯಲಿ ಎಂದರು. ನಾಳೆಯೇ ಯಂತ್ರ ಶುರುವಲ್ಲವೇ ಎಂದೆ. ಹೌದು, ಹನ್ನೊಂದಕ್ಕೆ ಮುಹೂರ್ತ, ಮಕ್ಕಳನ್ನು ಕರೆದುಕೊಂಡು ಪ್ರಸಾದಕ್ಕೆ ಬನ್ನಿ ಎಂದು ಮನಸಾರೆ ಕರೆದರು. ಗಾರ್ಡ್ ಇಲ್ಲದೆ ಶುರು ಮಾಡುತ್ತೀರಾ ಎಂದು ಮತ್ತೆ ಕೇಳಿದೆ.

“ದೀಪ ಇದೆಯಲ್ಲ ಮೇಡಂ,” ಎಂದರು.

ರೈಲಿನಲ್ಲಿ ಕೂತೊಡನೆ ಕಾರ್ಖಾನೆಗಳ ಇಲಾಖೆಗೆ ದೂರು ಬರೆಯತೊಡಗಿದೆ. ಹೆಗಲ ಮೇಲಿಂದ ಓದುತ್ತಿದ್ದ ಸೃಷ್ಟಿ, ನಾಳೆಯೂ ರಜೆಯಲ್ಲವೇ, ಹನ್ನೊಂದರೊಳಗೆ ಇದನ್ನು ಯಾರು ಓದುತ್ತಾರೆ ಎಂದು ಕೇಳಿದಳು. ಬರೆದು ಕಳಿಸಿದೆ. ಆಮೇಲೆ ಯಜಮಾನರ ನಂಬರಿಗೆ ಒಂದು ಸಾಲಿನ ಸಂದೇಶ ಹಾಕಿದೆ: ನಾಳೆ ಮುಹೂರ್ತಕ್ಕೆ ಮುಂಚೆಯೇ ಬರುತ್ತೇವೆ, ಪ್ರೆಸ್ಸಿನ ಮುಂದೆ ನಿಂತು ಮಾತಾಡುತ್ತೇವೆ.

ಕಿಟಕಿಯಾಚೆ ಪೀಣ್ಯದ ತಗಡಿನ ಚಾವಣಿಗಳು ಒಂದರ ಪಕ್ಕ ಒಂದು, ಮಳೆಯಲ್ಲಿ ಬೂದುಬಣ್ಣಕ್ಕೆ ತಿರುಗಿ, ಕಣ್ಣು ಹೋಗುವಷ್ಟು ದೂರ ಹರಡಿದ್ದವು. ನಂಜಪ್ಪ ಮಾಮನ ಶೆಡ್ಡು ಯಾವುದು ಎಂದು ಶರಣ ಗಾಜಿಗೆ ಮೂಗೊತ್ತಿ ಕೇಳಿದ. ನಾನು ಒಂದನ್ನು ತೋರಿಸಿದೆ, ಆಮೇಲೆ ಅದಲ್ಲವೆನಿಸಿ ಇನ್ನೊಂದನ್ನು ತೋರಿಸಿದೆ. ಎಲ್ಲವೂ ಒಂದೇ ಥರ ಮುಚ್ಚಿದ್ದವು, ಎಲ್ಲದರ ಬಾಗಿಲಲ್ಲೂ ಅದೇ ಬಾಳೆಕಂದು. ಅವುಗಳಲ್ಲಿ ಇನ್ನೆಷ್ಟರ ಒಳಗೆ, ಯಾರು ಯಾರು ಉಸಿರು ಬಿಗಿಹಿಡಿದು ಕೈ ಅಡ್ಡವಿಟ್ಟು ಕೂತಿದ್ದರೋ, ರೈಲಿನ ವೇಗದಲ್ಲಿ ಹೇಳುವಂತಿರಲಿಲ್ಲ.