ಹಿಂದಿನ ಸೀಟಿನ ತೆಂಗಿನ ನಾರು

ತಿಪಟೂರಿನಲ್ಲಿ ನನಗೊಬ್ಬ ಕಾರು ಮೆಕ್ಯಾನಿಕ್ ಗೊತ್ತಿದ್ದ. ಮಣ್ಣಿನ ಟ್ರ್ಯಾಕಿನ ರೇಸುಗಳಿಗೆ ಹಳೇ ಕಾರು ಸಿದ್ಧಮಾಡುವುದು ಅವನ ಹುಚ್ಚು. ರೇಸಿನ ನಿಯಮಗಳು ಇಂಗ್ಲಿಷಿನಲ್ಲಿರುತ್ತಿದ್ದವು. ಹೈಸ್ಕೂಲು ಮೇಷ್ಟ್ರಾದ ನನ್ನನ್ನು ಕರೆಸಿ ಓದಿಸುತ್ತಿದ್ದ. ಗ್ರೀಸಿನ ಕೈಯನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತ ಕಣ್ಣು ಮುಚ್ಚಿ ಕೇಳುವನು. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: “ಬ್ಯಾಡ ಅಂತ ಬರ್ದವ್ರಾ ಮೇಷ್ಟ್ರೇ?”

ಒಂದು ವರ್ಷ, ಹಿಂದಿನ ಸೀಟು ಕಾರಿನಲ್ಲಿ ಇರಲೇಬೇಕು ಎಂದಿತ್ತು. ಅವನು ಇರಿಸಿದ. ಆದರೆ ಅದರೊಳಗಿನ ಕಬ್ಬಿಣದ ಸ್ಪ್ರಿಂಗುಗಳನ್ನೆಲ್ಲ ಕಿತ್ತು, ದಂಡಿನಶಿವರದಿಂದ ತಂದ ತೆಂಗಿನ ನಾರು ತುಂಬಿ, ಅದೇ ಹೊದಿಕೆ ಹೊಲಿದ. ಕಾರು ಹಗುರಾಯಿತು, ಗೆದ್ದೂ ಬಿಟ್ಟಿತು.

ಸೋತವರು ದೂರು ಕೊಟ್ಟರು. ತಪಾಸಣೆಯವರು ಸೀಟನ್ನು ಬ್ಲೇಡಿನಲ್ಲಿ ಸೀಳಿದರೆ ನಾರು ಹೊರಕ್ಕೆ ಉಕ್ಕಿತು. ಕಾರು ಓಡಿಸಿದ ಹುಡುಗನ ಮುಖ ಸಣ್ಣದಾಯಿತು. ಮೆಕ್ಯಾನಿಕ್ ಮಾತ್ರ ನಿಯಮದ ಹಾಳೆಗಳನ್ನು ನನ್ನ ಕೈಗಿಟ್ಟ.

“ಒಳ್ಗೆ ಸ್ಪ್ರಿಂಗ್ ಇರ್ಬೇಕು ಅಂತ ಎಲ್ಲೈತೆ? ಗಟ್ಟಿಯಾಗಿ ಓದಿ ಮೇಷ್ಟ್ರೇ.”

ಅಷ್ಟೂ ಜನರೆದುರು ಮೊದಲಿಂದ ಕೊನೆಯವರೆಗೆ ಓದಿದೆ. ಎಲ್ಲೂ ಇರಲಿಲ್ಲ. ಗೆದ್ದ ಕಪ್ ನಮಗೇ ಉಳಿಯಿತು.

ಮರುವರ್ಷದ ನಿಯಮಗಳಲ್ಲಿ ಕೊನೆಗೊಂದು ಹೊಸ ಸಾಲು ಸೇರಿತ್ತು: ಮಾಡಬಹುದು ಎಂದು ಇಲ್ಲಿ ಬರೆಯದಿರುವ ಯಾವುದನ್ನೂ ಮಾಡಕೂಡದು.

ಓದಿದೆ. ಅವನು ಎಂದಿನ ಪ್ರಶ್ನೆ ಕೇಳಲಿಲ್ಲ.

“ಇನ್ನೊಂದ್ ಸಲ ಓದಿ” ಎಂದ.

ಓದಿದೆ. ಅವನು ಎದ್ದು ಹೋಗಿ ಸೋಪು ಹಚ್ಚಿ ಎರಡೂ ಕೈ ತೊಳೆದುಕೊಂಡ. ನಾನು ಕಂಡಂತೆ ಅದೇ ಮೊದಲು. ಬಂದವನು ಆ ಹಾಳೆಯನ್ನು ಅಂಚಿನಲ್ಲಿ ಮೆಲ್ಲಗೆ ಹಿಡಿದುಕೊಂಡ.

“ಇದು ನಮ್ ಸೀಟ್ ನೋಡೇ ಬರ್ದಿರೋದು ಕಣ್ರೀ. ಯಾವ್ ಸಾಲು, ತೋರ್ಸಿ.”